ಚಕ್ಕುಬಂದಿ

ಪೂರ್ವಕ್ಕೆ ಹೊಳಿ, ಪಶ್ಚಿಮಕ್ಕೆ ಹೊಳಿ,
ಉತ್ತರಕ್ಕೂ ದಕ್ಷಿಣಕ್ಕೂ ಅದಽ ಹೊಳಿ.
ಖರೇದಿ ಪತ್ರದಾಗ ಇಷ್ಟಽ ಬರದದ.
ಮುಂಡರಗಿಯಿಂದ ಬಂದ ಸರ್ವೇದಾಂವ
ಎರಡು ಸಲ ಓದಿ ಕನ್ನಡಕ ಒರಸಿಕೊಂಡ:
"ಯಾವ ಹೊಳಿ ಅಂತ ಇಲ್ಲಲ್ಲಬೇ?"
ಬ್ಯಾರೆ ಹೊಳಿ ಎಲ್ಲಿಂದ ತರೂಣ್ರಿ, ಅಂದೆ.
ಹುಟ್ಟು ಒತ್ತಿದೆ.

ಅಂದಾನೆಪ್ಪ ಶೆಟ್ಟರು ಹತ್ತಿ ಕುಳ.
ಗದಗಿನ ಪ್ಯಾಟ್ಯಾಗ ಮೂರು ವಖಾರಿ,
ಒಂದು ಚೈತ್ರದ ಮಧ್ಯಾಹ್ನ ಮೂರೂ ಹೊತ್ತಿ
ಸಂಜಿಗೆ ಹಿಡಿ ಬೂದೀನೂ ಉಳೀಲಿಲ್ಲಂತ.
ಹತ್ತಿ ಅಂದ್ರ ಹಂಗ, ಉರದರ ಸಾಕ್ಷಿನೂ ಬಿಡೂದಿಲ್ಲ.
ಮರುವರ್ಷ ಶೆಟ್ಟರು ನಡುಗಡ್ಡಿ ಕೊಂಡರು.
ಬೆಂಕಿಗೆ ಈಸಾಕ ಬರೂದಿಲ್ಲ ಅಂತ.

ಕಲ್ಲು ಬಂದವು, ನಮ್ಮ ಹರಗೋಲಿನಾಗ.
ಒಂದು ಕಂಬಕ್ಕ ಒಂದು ಖೇಪು,
ಕಂಬ ಮಲಗಿರತಿತ್ತು, ಮುತ್ತಜ್ಜ ನಿಂತಿರತಿದ್ದ.
ನಲವತ್ತೆಂಟು ಕಂಬ.
ಸಾಗವಾನಿ ತೊಲಿ ಹಿಡೀಲಿಲ್ಲ, ಮಗ್ಗಲಿಗೆ ಕಟ್ಟಿ ತೇಲಿಸಿ ತಂದರು.
ಮುಂಬೈ ಗಡಿಯಾರ, ತೂಗುಮಂಚ, ಗಾಜಿನ ಹಂಡಿ ದೀಪ,
ಒಂದು ಬಿಳೇ ಕುದುರಿ.
ಅದು ನಡುಹೊಳ್ಯಾಗ ಜಿಗಿದು ತಾನಽ ಈಸಿ ಹೋತು.
ಆ ಖೇಪಿನ ರೊಕ್ಕ ಮುರಕೊಂಡರು ಶೆಟ್ಟರು.
ನಮ್ಮ ಮನ್ಯಾಗ ಇವತ್ತಿಗೂ ಅದು ಸಿಟ್ಟಿನ ಮಾತು.

ಎಲ್ಲಾ ಬಂತು, ಒಲಿ ಬರಲಿಲ್ಲ.
ವಾಡೇದಾಗ ಕಿಡಿ ಕೂಡದು, ಚಿಲುಮಿ ಕೂಡದು.
ದೇವರ ಮುಂದ ಒಂದಽ ದೀಪ,
ಅದನ್ನ ಕಾಯಾಕ ಒಬ್ಬ ಆಳು, ಮಗ್ಗಲಿಗೆ ನೀರಿನ ಕೊಡ.
ಹಂಡಿ ದೀಪ ಒಮ್ಮೆನೂ ಹಚ್ಚಲಿಲ್ಲ,
ಬಿಸಲು ಬಿದ್ದಾಗ ತಾವಽ ಹೊಳೀತಿದ್ದವು.
ಅಡಗಿ ಈಚೆ ದಂಡ್ಯಾಗ.
ರೊಟ್ಟಿ, ಪಲ್ಯ, ಸಾರು ಹರಗೋಲು ಹತ್ತಿ ಹೋಗೂವು,
ಹೋಗೂದರಾಗ ಆರೂವು.
ಇಪ್ಪತ್ತೆರಡು ವರ್ಷ ಆ ಮನ್ಯಾಗ ಯಾರೂ ಬಿಸಿ ಉಣಲಿಲ್ಲ.

ಆಮ್ಯಾಲ ಸೊಸಿ ಬಂದಳು, ನೀಲಗಂಗವ್ವ, ನರೇಗಲ್ಲ ಕಡ್ಯಾಕಿ.
ಮೂರು ತಿಂಗಳು ಸುಮ್ಮನಿದ್ದಳು.
ಬಸರಾದಳು, ಬಿಸಿರೊಟ್ಟಿ ಬಯಸಿದಳು,
ಮುತ್ತಜ್ಜನ ಹೇಣತಿ ಹುಲಿಗೆವ್ವನ ಕಿವ್ಯಾಗ ಹೇಳಿದಳು.
ಹುಲಿಗೆವ್ವ ಕುಳ್ಳಿನ ಕೆಂಡ ಗಡಿಗ್ಯಾಗ ಇಟ್ಟು,
ಮ್ಯಾಲ ಬೂದಿ, ಬೂದಿ ಮ್ಯಾಲ ಬಾಳಿಎಲಿ,
ಎಲಿ ಮ್ಯಾಲ ಬದನಿಕಾಯಿ ಹರವಿ
ತೊಡಿ ನಡುವ ಹಿಡಕೊಂಡು ಹುಟ್ಟು ಹಾಕಿದಳು.
ತೊಗಲಿನ ಬುಟ್ಟಿ, ಎಣ್ಣಿ ಕುಡದ ಬಿದಿರು.
ಅರ್ಧ ದಾರ್ಯಾಗ ಗಡಗಿ ಕಾದು ತೊಡಿ ಸುಟ್ಟಿತು.
ಚೀರಲಿಲ್ಲ. ಆಚೆ ಮೆಟ್ಟಲದ ಮ್ಯಾಲ ಶೆಟ್ಟರು ನಿಂತಿದ್ದರು.

ಬೆಂಕಿ ಈಸಲಿಲ್ಲ, ಹರಗೋಲು ಹತ್ತಿ ಬಂತು.

ಹಿತ್ತಲದಾಗ ಮೂರು ಕಲ್ಲು. ಹೊಗಿ ಎದ್ದದ್ದಽ ತಡ
ಶೆಟ್ಟರು ಧೋತರ ಎತ್ತಿಕೊಂಡು ಓಡಿ ಬಂದು
ಕೊಡ ಎತ್ತಿದರು.
ಸೊಸಿ ಏನೂ ಅನಲಿಲ್ಲ. ಉಬ್ಬಿದ ರೊಟ್ಟಿ ಮುಂದ ಇಟ್ಟಳು.
ಎತ್ತಿದ ಕೈ ಎಷ್ಟೊತ್ತು ಹಂಗಽ ಇತ್ತೋ,
ಒಬ್ಬೊಬ್ಬರು ಒಂದೊಂದು ಹೇಳತಾರ.
ಎರಡು ರೊಟ್ಟಿ ತಿಂದರು ಅನ್ನೂದು ಖರೆ.
ನಾಲಿಗಿ ಸುಟ್ಟಕೊಂಡರು.

ವಾಡೆ ಸುಡಲಿಲ್ಲ, ಮುಳುಗಲೂ ಇಲ್ಲ. ಪಾಲಾತು.
ಮೊಮ್ಮಕ್ಕಳು ಧಾರವಾಡ ಕೋರ್ಟಿನಾಗ
ಹದಿನೇಳು ವರ್ಷ ಕಂಬ ಎಣಿಸಿದರು,
ಕಡೀಕ ನಮ್ಮಜ್ಜನ್ನ ಕರೆದರು.
ಬಂದ ದಾರೀಲೆ ಹೋದವು ಬಾಗಲ, ತೊಲಿ, ಹಂಡಿ,
ತೂಗುಮಂಚದ ಸರಪಳಿ ಗುಜರಿ ತೂಕಕ್ಕ.
ಬರೂವಾಗ ಎಷ್ಟು ಭಾರೋ ಹೋಗೂವಾಗೂ ಅಷ್ಟಽ,
ಖೇಪಿನ ರೇಟು ಏರಿತ್ತು, ಅಂತಿದ್ದ ಅಜ್ಜ.

ಸರ್ವೇದಾಂವ ಮಿಷನ್ನು ಹಿಡಿದು ಒಂದು ಸುತ್ತು ಹೊಡೆದ.
ಹನ್ನೊಂದು ಎಕರೆ ಇರಬೇಕಾದ್ದು ಎಂಟೂವರಿ.
ಬ್ಯಾರೇಜಿನ ಹಿನ್ನೀರು ದಿನಾ ಒಂದೊಂದು ತುತ್ತು ತಿಂತದ.
"ಮನಿ ಇತ್ತು ಅನ್ನಾಕ ಗುರುತು?"

ಗುರುತು ಅಂದ್ರ ಹರಗೋಲಿನ ತಳದಾಗ ಸುಟ್ಟ ಕಲಿ ಇರಬೇಕಿತ್ತು.
ಆದರ ಬುಟ್ಟಿ ಮೂರು ವರ್ಷ ಬಾಳೂದಿಲ್ಲ,
ಇದು ನಲವತ್ತನೇದೋ, ಐವತ್ತನೇದೋ.
ಹುಲಿಗೆವ್ವನ ತೊಡಿ ಹುಲಿಗೆವ್ವನ ಜೋಡಿ ಹೋತು.

ಹಿತ್ತಲಿದ್ದ ಕಡೆ ಕಲ್ಲಂಗಡಿ ಹಾಕಿದವರು
ಮೂರು ಕಲ್ಲು ಹೂಡಿ ಚಾ ಕಾಸತಿದ್ದರು.
ಅವಽ ಕಲ್ಲು ಅಂತ ನಾ ಹೇಳಲಿಲ್ಲ.
ಅಲ್ಲ ಅಂತನೂ ಹೇಳಲಿಲ್ಲ.
ಅವರು ಕೊಟ್ಟ ಲೋಟ ಅರಿವ್ಯಾಗ ಹಿಡದು
ಸರ್ವೇದಾಂವ ಬರಕೋತ ಕುಂತ: ಪೂರ್ವಕ್ಕೆ ಹೊಳೆ.

ಬಿಸಿ ಅದ, ಹಗೂರಕ್ಕ ಕುಡೀರಿ, ಅಂದೆ.